ಹಾರ ಹಾಕುವ ಮೊದಲು ಕೆರೆ ಏರಿಯ ಮೇಲೆ ಒಂದು ಸುತ್ತು ಬನ್ನಿ

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಒಂದಲ್ಲ, ಐದು ಪಾಲಿಕೆಗಳು. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಬಿಬಿಎಂಪಿ ಅನ್ನುವ ಹೆಸರು ಹೋಯಿತು, ಬೋರ್ಡುಗಳು ಬದಲಾದವು. ಇನ್ನು ಮೇಲೆ ಇವು ಊರಿಗಾಗಿ ದುಡಿದ ಜನರನ್ನು, ಸಂಘಟನೆಗಳನ್ನು ಹೇಗೆ ಗೌರವಿಸಬೇಕು? ಇವತ್ತು ನಾನು ಮಾತಾಡುವುದು ಅದರ ಬಗ್ಗೆ.

ಇಷ್ಟು ದಿನ ಕೆಂಪೇಗೌಡ ಜಯಂತಿಯ ಹೊತ್ತಿಗೆ ಪಾಲಿಕೆಯವರು ಕೆಂಪೇಗೌಡ ಪ್ರಶಸ್ತಿ ಕೊಡುತ್ತಿದ್ದರು. ಅದರಲ್ಲಿ ನಿಜವಾಗಿ ಅರ್ಹರಾದವರು ಎಷ್ಟೋ ಜನ ಇದ್ದರು. ಆದರೆ ಕೆಲವು ವರ್ಷ ಪಟ್ಟಿ ಎಷ್ಟು ಉದ್ದವಾಯಿತೆಂದರೆ, ಯಾರು ಏನು ಮಾಡಿದರು ಅಂತ ಹೇಳುವುದಕ್ಕೇ ವೇದಿಕೆಯ ಮೇಲೆ ಸಮಯ ಇರಲಿಲ್ಲ. ಶಾಲು, ಪೇಟ, ಫೋಟೋ, ಮುಂದಿನವರು ಬನ್ನಿ. ಹದಿನೈದು ವರ್ಷ ಒಂದು ಕೆರೆ ಕಾದವರ ಕೆಲಸವನ್ನು ಊರಿನ ಜನಕ್ಕೆ ಎರಡು ನಿಮಿಷ ವಿವರಿಸಲಿಲ್ಲ ಅಂದರೆ ಆ ಸನ್ಮಾನದಿಂದ ಊರಿಗೆ ಏನು ಗೊತ್ತಾಯಿತು?

ನಮ್ಮ ಊರಿಗೆ ಕೊಡುವವರು ಯಾವತ್ತೂ ಕಡಿಮೆ ಇರಲಿಲ್ಲ. ಮೆಜೆಸ್ಟಿಕ್‌ನಲ್ಲಿ ರೈಲಿಳಿದವರಿಗೆ ಗುಬ್ಬಿ ತೋಟದಪ್ಪನವರ ಛತ್ರ ಗೊತ್ತು. ವ್ಯಾಪಾರ ಮಾಡಿ ಗಳಿಸಿದ್ದನ್ನು ಅವರು ಪ್ರಯಾಣಿಕರಿಗೆ ತಂಗುವ ಜಾಗ, ಓದುವ ಹುಡುಗರಿಗೆ ಹಾಸ್ಟೆಲ್ ಮಾಡುವುದಕ್ಕೆ ಕೊಟ್ಟರು. ಶಿವಾಜಿನಗರದ ಗೋಷಾ ಆಸ್ಪತ್ರೆಯ ಹಿಂದೆ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ದಾನ ಇದೆ. ಇಂಥವರ ಹೆಸರು ರಸ್ತೆಗೋ ಕಟ್ಟಡಕ್ಕೋ ಅಂಟಿಕೊಂಡು ಉಳಿದಿದೆ, ಸಂತೋಷ.

ಆದರೆ ಎಲೆ ಮಲ್ಲಪ್ಪ ಶೆಟ್ಟರ ಕೆರೆ ನೋಡಿ. ಕೆ.ಆರ್. ಪುರ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಹೋದರೆ ಸಿಗುತ್ತದೆ. ವೀಳ್ಯದೆಲೆ ಮಾರಿ ಸಂಪಾದಿಸಿದ ಮನುಷ್ಯ, ಜನಕ್ಕೆ ನೀರಿಲ್ಲ ಅಂತ ತನ್ನ ದುಡ್ಡು ಹಾಕಿ ಕಟ್ಟಿಸಿದ ಕೆರೆ. ಹೆಸರು ಇವತ್ತಿಗೂ ಹಾಗೇ ಇದೆ. ನೀರು? ವರ್ಷಗಟ್ಟಲೆ ಅದಕ್ಕೆ ಊರಿನ ಕೊಳಚೆ ಹರಿದಿದೆ. ಬದಿಗಳಲ್ಲಿ ಕಟ್ಟಡದ ಅವಶೇಷ ಸುರಿದಿದ್ದಾರೆ. ಹೆಸರನ್ನು ಇಟ್ಟುಕೊಂಡು ಕೆಲಸವನ್ನು ಬಿಟ್ಟುಬಿಟ್ಟರೆ ಅದು ಶೆಟ್ಟರಿಗೆ ಮಾಡಿದ ಗೌರವ ಹೇಗಾಗುತ್ತದೆ? ಈ ಪ್ರಶ್ನೆ ನನ್ನನ್ನು ಬಹಳ ಕಾಡುತ್ತದೆ. ಒಬ್ಬರು ಮಾಡಿದ ಕೆಲಸವನ್ನು ಉಳಿಸುವುದೇ ಅವರಿಗೆ ಮಾಡುವ ಮೊದಲ ಸನ್ಮಾನ ಅಂತ ನಾನು ನಂಬುತ್ತೇನೆ, ಶಾಲು ಆಮೇಲೆ.

ಈಗಿನ ಕಾಲದ ಒಂದು ಉದಾಹರಣೆ ಹೇಳುತ್ತೇನೆ. ಜೆ.ಪಿ. ನಗರ ಏಳನೇ ಹಂತದಲ್ಲಿ ಪುಟ್ಟೇನಹಳ್ಳಿ ಕೆರೆ ಇದೆ. ದೊಡ್ಡದೇನಲ್ಲ, ಸುಮಾರು 13 ಎಕರೆ. ಒಣಗಿ, ಕಸ ತುಂಬಿ ಹೋಗಿತ್ತು. ಸುತ್ತಮುತ್ತಲ ಮನೆಯವರು, ಲೇಖಕಿ ಉಷಾ ರಾಜಗೋಪಾಲನ್ ಮತ್ತು ಅವರ ಜೊತೆಯವರು, 2010ರಲ್ಲಿ ಒಂದು ಟ್ರಸ್ಟ್ ಮಾಡಿಕೊಂಡರು. ಮರುವರ್ಷ ಪಾಲಿಕೆ ಅವರ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ನಾಗರಿಕರ ಗುಂಪೊಂದಕ್ಕೆ ಕೆರೆ ನೋಡಿಕೊಳ್ಳುವ ಜವಾಬ್ದಾರಿಯನ್ನು ಹೀಗೆ ಬರೆದು ಕೊಟ್ಟದ್ದು ಈ ಊರಿನಲ್ಲಿ ಅದೇ ಮೊದಲು.

ಕೆರೆ ನೋಡಿಕೊಳ್ಳುವುದು ಅಂದರೆ ಭಾನುವಾರ ಗಿಡ ನೆಟ್ಟು ಮನೆಗೆ ಹೋಗುವುದಲ್ಲ. ಜೊಂಡು ತೆಗೆಸಬೇಕು, ಕೆಲಸದವರಿಗೆ ತಿಂಗಳ ಸಂಬಳ ಹೊಂದಿಸಬೇಕು, ಕೊಳಚೆ ಎಲ್ಲಿಂದ ಬರುತ್ತಿದೆ ಅಂತ ಮೋರಿ ಹಿಡಿದು ಹುಡುಕಬೇಕು, ಗಣೇಶ ಹಬ್ಬ ಬಂದರೆ ಕೆರೆಗೆ ವಿಗ್ರಹ ಬಿಡಬೇಡಿ ಅಂತ ಅಕ್ಕಪಕ್ಕದವರನ್ನೇ ತಡೆಯಬೇಕು, ಒತ್ತುವರಿ ಬಗ್ಗೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು, ಮಳೆ ಕೈಕೊಟ್ಟರೆ ಮೀನು ಹಕ್ಕಿ ಏನಾಗುತ್ತವೋ ಅಂತ ನಿದ್ದೆ ಬಿಡಬೇಕು. ಹೊಗಳಿಕೆ ಕಮ್ಮಿ, ಬೈಗುಳ ಜಾಸ್ತಿ. ಇದನ್ನು ವರ್ಷಾನುಗಟ್ಟಲೆ ಮಾಡಬೇಕು.

ಇಂಥವರಿಗೆ ಪ್ರಶಸ್ತಿಗಿಂತ ದೊಡ್ಡ ಕಷ್ಟ ಕಾಗದಪತ್ರದ್ದು. 2020ರಲ್ಲಿ ಹೈಕೋರ್ಟ್, ಕೆರೆಗಳ ವಿಷಯದಲ್ಲಿ ಖಾಸಗಿ ಕಂಪನಿಗಳ ಜೊತೆಗಿನ ಒಪ್ಪಂದಗಳಿಗೆ ತಡೆ ಹಾಕಿತು. ಕೆರೆ ಸಾರ್ವಜನಿಕರದ್ದು, ಅದು ಕಂಪನಿ ಕೈಗೆ ಹೋಗಬಾರದು ಅನ್ನುವ ಕಾಳಜಿ ನ್ಯಾಯವಾದದ್ದೇ. ಆದರೆ ಅದರ ಬಿಸಿ ಲಾಭದ ಆಸೆಯಿಲ್ಲದ ನಾಗರಿಕ ಗುಂಪುಗಳಿಗೂ ತಟ್ಟಿತು. ಒಪ್ಪಂದ ಇಲ್ಲ ಅಂದರೆ ದುಡ್ಡು ಕೊಡುವವರು ಹಿಂಜರಿಯುತ್ತಾರೆ. ಇಂಥ ಹೊತ್ತಿನಲ್ಲಿ ಒಂದು ಪಾಲಿಕೆ, ಕಂಪನಿ ಬೇರೆ, ಕೆರೆ ಪಕ್ಕದ ಮನೆಯವರು ಬೇರೆ ಅಂತ ಸ್ಪಷ್ಟವಾದ ನಿಯಮ ಮಾಡಿ, ಅವರ ಫೈಲಿಗೆ ಸಮಯಕ್ಕೆ ಸಹಿ ಹಾಕಿದರೆ, ಅದಕ್ಕಿಂತ ದೊಡ್ಡ ಸನ್ಮಾನ ಇನ್ನೇನು ಬೇಕು ಹೇಳಿ?

ಕಸದ ವಿಷಯಕ್ಕೆ ಬರೋಣ. 2012ರಲ್ಲಿ ಊರೆಲ್ಲ ಕಸ ನಾರಿದ್ದು ನಿಮಗೆ ನೆನಪಿರಬೇಕು. ನಿಮ್ಮ ಮನೆ ಕಸವನ್ನು ನಾವು ಯಾಕೆ ಸಹಿಸಬೇಕು ಅಂತ, ಬೆಂಗಳೂರಿನ ಕಸ ತಂದು ಸುರಿಯುತ್ತಿದ್ದ ಮಂಡೂರಿನ ಜನ ಕೇಳಿದರು. ಸರಿಯಾದ ಪ್ರಶ್ನೆ, ಅಲ್ವಾ? ಆ ಹೊತ್ತಿಗಾಗಲೇ ಹಸಿರು ದಳ ಅನ್ನುವ ಸಂಸ್ಥೆ ಚಿಂದಿ ಆಯುವವರ ಜೊತೆ ಕೆಲಸ ಶುರು ಮಾಡಿತ್ತು. ನಳಿನಿ ಶೇಖರ್ ಅದನ್ನು ಕಟ್ಟಿದವರಲ್ಲಿ ಒಬ್ಬರು. ಬೆಳಗಿನ ಜಾವ ಚೀಲ ಹೊತ್ತು ಹೋಗುವವರನ್ನು ಆಗ ಪೊಲೀಸರು ನಿಲ್ಲಿಸುತ್ತಿದ್ದರು, ಕಳ್ಳರು ಅಂತ ಜನ ಅನುಮಾನಿಸುತ್ತಿದ್ದರು. 2011ರಿಂದ ಅವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಗತೊಡಗಿತು. ಆಮೇಲೆ ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳು ಬಂದವು. ಅವುಗಳಲ್ಲಿ ಎಷ್ಟನ್ನೋ ಇದೇ ಜನ ನಡೆಸತೊಡಗಿದರು.

ಆ ಗುರುತಿನ ಚೀಟಿ ಯಾವ ಪ್ರಶಸ್ತಿಗೂ ಕಮ್ಮಿ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಈ ಊರಿಗೆ ನೀನು ಬೇಕು ಅಂತ ಊರೇ ಬರೆದುಕೊಟ್ಟ ಹಾಗೆ. ಪ್ಲಾಸ್ಟಿಕ್, ರಟ್ಟು, ಗಾಜು ಬೇರೆ ಮಾಡಿ ಮತ್ತೆ ಬಳಕೆಗೆ ಕಳಿಸುವ ಕೈಗಳಿಗೆ ವೇದಿಕೆ ಮೇಲೆ ಜಾಗ ಸಿಗಲಿ, ಖಂಡಿತ ಸಿಗಲಿ. ಜೊತೆಗೆ ಅವರ ಕೇಂದ್ರಕ್ಕೆ ಚಾವಣಿ, ಕರೆಂಟು, ಒಂದು ಶೌಚಾಲಯ ಕೂಡ ಇರಲಿ. ಗುತ್ತಿಗೆ ಪದ್ಧತಿ ಬದಲಾದಾಗಲೆಲ್ಲ ಇವರ ಹೊಟ್ಟೆಪಾಡಿಗೆ ಕುತ್ತು ಬರದಿರಲಿ.

ಕಣ್ಣಿಗೆ ಬೀಳದ ಕೆಲಸವೂ ಇದೆ. ಮಾರತಹಳ್ಳಿ ಕಡೆ ಕರುಣಾಶ್ರಯ ಅಂತ ಇದೆ. ವಾಸಿಯಾಗದ ಹಂತಕ್ಕೆ ಹೋದ ಕ್ಯಾನ್ಸರ್ ರೋಗಿಗಳನ್ನು 1999ರಿಂದ ಅಲ್ಲಿ ನೋಡಿಕೊಳ್ಳುತ್ತಿದ್ದಾರೆ, ಒಂದು ಪೈಸೆ ತಗೊಳ್ಳದೆ. ಅಲ್ಲಿ ಉದ್ಘಾಟನೆ ಮಾಡುವುದಕ್ಕೆ ಏನೂ ಇರುವುದಿಲ್ಲ. ನೋವು ಕಮ್ಮಿ ಮಾಡುವುದು, ಮನೆಯವರಿಗೆ ಧೈರ್ಯ ಹೇಳುವುದು, ಅಷ್ಟೇ. ಇಂಥವರು ಅರ್ಜಿ ಹಾಕಿ ಪ್ರಶಸ್ತಿ ಕೇಳಲಿ ಅಂತ ಕಾಯಬಾರದು. ಊರೇ ಅವರ ಬಾಗಿಲಿಗೆ ಹೋಗಬೇಕು.

ಸನ್ಮಾನ ಮಾಡಿಸಿಕೊಳ್ಳುವುದರಲ್ಲೂ ಈ ಊರಿಗೆ ಒಂದು ಒಳ್ಳೆಯ ಮೇಲ್ಪಂಕ್ತಿ ಇದೆ. 1970ರಲ್ಲಿ ಡಿ.ವಿ.ಜಿ.ಯವರಿಗೆ ರವೀಂದ್ರ ಕಲಾಕ್ಷೇತ್ರದಲ್ಲಿ ಸನ್ಮಾನ ಮಾಡಿ ಹಣದ ನಿಧಿ ಒಪ್ಪಿಸಿದರು. ಅವರು ಅದನ್ನು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. 1945ರಲ್ಲಿ ಅವರೇ ಕಟ್ಟಿದ ಸಂಸ್ಥೆ ಅದು, ಬುಲ್ ಟೆಂಪಲ್ ರಸ್ತೆಯಲ್ಲಿ ಇವತ್ತಿಗೂ ಉಪನ್ಯಾಸ, ಗ್ರಂಥಾಲಯ ಅಂತ ನಡೆಯುತ್ತಿದೆ. ಮನುಷ್ಯನಿಗೆ ಸಂದದ್ದು ಕೆಲಸಕ್ಕೆ ಹೋಯಿತು. ಪಾಲಿಕೆಗಳು ಪ್ರಶಸ್ತಿಯ ಹಣವನ್ನು ಮೊದಲೇ ಹೀಗೆ ಯೋಚಿಸಿ ಇಡಬಹುದು. ಕೆರೆಗೆ ಒಂದು ವರ್ಷದ ನಿರ್ವಹಣೆ ಖರ್ಚು, ಗ್ರಂಥಾಲಯಕ್ಕೆ ಪುಸ್ತಕ, ಕಸದ ಕೇಂದ್ರಕ್ಕೆ ಒಂದು ತೂಕದ ಯಂತ್ರ.

ಪಟ್ಟಿ ಚಿಕ್ಕದಿರಲಿ. ಒಂದು ಪಾಲಿಕೆಗೆ ಐದೋ ಆರೋ ಹೆಸರು ಸಾಕು. ಹತ್ತು ವರ್ಷವಾದರೂ ಒಂದೇ ಕೆಲಸದಲ್ಲಿ ನಿಂತವರಾಗಿರಲಿ. ಆರಿಸುವವರು ಅಲ್ಲಿಗೆ ಹೋಗಿ ಕಣ್ಣಾರೆ ನೋಡಲಿ, ಪಕ್ಕದ ಬೀದಿಯವರನ್ನು ಕೇಳಲಿ. ಸಮಾರಂಭವನ್ನೂ ಹವಾನಿಯಂತ್ರಿತ ಸಭಾಂಗಣದಲ್ಲಿ ಮಾಡುವ ಬದಲು ಆ ಕೆರೆ ಏರಿಯ ಮೇಲೆ, ಆ ಕೇಂದ್ರದ ಅಂಗಳದಲ್ಲಿ ಮಾಡಲಿ.

ಕೆಂಪೇಗೌಡ ಜಯಂತಿ ಜೂನ್ 27ಕ್ಕೆ. ಅದಕ್ಕೆ ಮುಂಚೆ ನೀವೂ ಒಂದು ಕೆಲಸ ಮಾಡಬಹುದು. ನಿಮ್ಮ ಬಡಾವಣೆಯಲ್ಲಿ ಯಾರು ಹೀಗೆ ದುಡಿಯುತ್ತಿದ್ದಾರೆ ಅಂತ ನಿಮ್ಮ ಪಾಲಿಕೆಗೆ ಒಂದು ಪತ್ರ ಬರೆಯಿರಿ. ಅವರ ಹೆಸರು, ಕೆಲಸ, ಎಷ್ಟು ವರ್ಷದಿಂದ ಅಂತ ಬರೆಯಿರಿ. ಹಾಗೇ, ಆ ಕೆಲಸಕ್ಕೆ ಈಗ ತುರ್ತಾಗಿ ಏನು ಬೇಕು ಅನ್ನುವುದನ್ನು ಮೊದಲು ಅವರನ್ನೇ ಕೇಳಿ, ಅದನ್ನೂ ಸೇರಿಸಿ.

ನಮಸ್ಕಾರ.