ಅಳತೆಪಟ್ಟಿ ಮತ್ತು ಜೂನ್ ತಿಂಗಳ ಅಂಗಳ

ಕೇಳುಗರಿಗೆ ನಮಸ್ಕಾರ.

2015ರ ಜೂನ್ 25ರ ರಾತ್ರಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ಎನ್‌ಬಿಎ ಡ್ರಾಫ್ಟ್ ನಡೆಯಿತು. ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಆ ವಾರ್ಷಿಕ ಸಭೆಯಲ್ಲಿ ಡಲ್ಲಾಸ್ ತಂಡವು 52ನೆಯ ಆಯ್ಕೆಯಾಗಿ ಕರೆದ ಹೆಸರು ಸತ್ನಾಮ್ ಸಿಂಗ್. ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋ ಕೆ ಗ್ರಾಮದ ಈ ಹತ್ತೊಂಬತ್ತರ ಯುವಕ, ಭಾರತದಲ್ಲಿ ಹುಟ್ಟಿ ಆ ಸಭೆಯಲ್ಲಿ ಆಯ್ಕೆಯಾದ ಮೊದಲಿಗ. ಅವರ ಬಗ್ಗೆ ಬಂದ ಬರಹಗಳಲ್ಲಿ ಎದ್ದು ಕಾಣುತ್ತಿದ್ದುದು ಒಂದೇ ಸಂಗತಿ, 7 ಅಡಿ 2 ಅಂಗುಲದ ಎತ್ತರ. ಆ ಎತ್ತರದಿಂದ ತಂಡಕ್ಕೆ ಯಾವ ಕೆಲಸ ಆಗಬೇಕಾಗಿದೆ ಎಂಬುದನ್ನು ನಮ್ಮಲ್ಲಿ ಹೆಚ್ಚು ಜನ ಕೇಳಲಿಲ್ಲ. ಅಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ, ನಾನೂ ಕೇಳಲಿಲ್ಲ.

ಆದರೆ ಆ ಪ್ರಶ್ನೆಗೆ ಉತ್ತರದ ಒಂದು ಭಾಗ ಎರಡು ವಾರ ಮೊದಲೇ ಕ್ಲೀವ್‌ಲ್ಯಾಂಡಿನ ಅಂಗಳದಲ್ಲಿ ಸಿಕ್ಕಿತ್ತು. ಫೈನಲ್ ಸರಣಿಯಲ್ಲಿ ಒಂದಕ್ಕೆ ಎರಡು ಪಂದ್ಯಗಳಿಂದ ಹಿಂದೆ ಬಿದ್ದಿದ್ದ ಗೋಲ್ಡನ್ ಸ್ಟೇಟ್ ತಂಡದ ತರಬೇತುದಾರ ಸ್ಟೀವ್ ಕರ್, ನಾಲ್ಕನೆಯ ಪಂದ್ಯದ ಆರಂಭದ ಐವರಲ್ಲಿ ಏಳಡಿಯ ಆಂಡ್ರ್ಯೂ ಬೋಗಟ್ ಅವರನ್ನು ಕೈಬಿಟ್ಟು 6 ಅಡಿ 6 ಅಂಗುಲದ ಆಂಡ್ರೆ ಇಗುಡಾಲ ಅವರನ್ನು ಇಳಿಸಿದರು. ಸೆಂಟರ್, ಎಂದರೆ ಬುಟ್ಟಿಯ ಬಳಿ ಸಾಮಾನ್ಯವಾಗಿ ಎಲ್ಲರಿಗಿಂತ ಎತ್ತರದವನು ಆಡುವ ಸ್ಥಾನದ ಹೊಣೆ, ಅಷ್ಟೇ ಎತ್ತರದ ಡ್ರೇಮಂಡ್ ಗ್ರೀನ್ ಅವರ ಹೆಗಲಿಗೆ ಬಿತ್ತು. ಎದುರಾಳಿ ಕ್ಲೀವ್‌ಲ್ಯಾಂಡ್ ತಂಡದಲ್ಲಿದ್ದ ಏಳಡಿ ಮೀರಿದ ಟಿಮೊಫೇ ಮೊಜ್ಗೊವ್ ಆ ದಿನ 28 ಅಂಕ ಗಳಿಸಿದರೂ ಅವರ ತಂಡ 103–82ರಿಂದ ಸೋತಿತು. ಮುಂದಿನ ಪಂದ್ಯದಲ್ಲಿ ಅದೇ ಮೊಜ್ಗೊವ್ ಅಂಗಳದಲ್ಲಿದ್ದದ್ದು ಕೇವಲ 9 ನಿಮಿಷ. ಸಣ್ಣ ಗಾತ್ರದ, ವೇಗದ ಐವರ ಎದುರು ಅವರನ್ನು ನಿಲ್ಲಿಸುವುದು ಲಾಭಕ್ಕಿಂತ ನಷ್ಟವೆಂದು ಅವರದೇ ತಂಡ ಲೆಕ್ಕ ಹಾಕಿತ್ತು. ಸರಣಿಯನ್ನೂ ಪ್ರಶಸ್ತಿಯನ್ನೂ ಗೋಲ್ಡನ್ ಸ್ಟೇಟ್ ಗೆದ್ದಿತು.

ಈ 28 ಅಂಕ ಮತ್ತು 9 ನಿಮಿಷಗಳ ನಡುವಿನ ಅಂತರವನ್ನು ಅರ್ಥ ಮಾಡಿಕೊಳ್ಳದೆ ಹೊಸ ಆಟಗಾರರನ್ನು ಅಳೆಯಲು ಹೊರಡಬಾರದೆಂಬುದು ನನ್ನ ಅಭಿಪ್ರಾಯ. ಎನ್‌ಬಿಎಯ ಸಾಮಾನ್ಯ ಋತುವಿನಲ್ಲಿ ಪ್ರತಿ ತಂಡವೂ 82 ಪಂದ್ಯ ಆಡುತ್ತದೆ. ಇಂದು ಒಂದು ಊರು, ನಾಳೆ ಇನ್ನೊಂದು. ಒಬ್ಬ ಆಟಗಾರನ ದೌರ್ಬಲ್ಯವನ್ನು ಹುಡುಕಿ ಅದರ ಮೇಲೆಯೇ ಇಡೀ ಆಟವನ್ನು ಕಟ್ಟುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಏಪ್ರಿಲಿನಿಂದ ಜೂನ್‌ವರೆಗಿನ ಸರಣಿಗಳಲ್ಲಾದರೋ ಒಂದೇ ಎದುರಾಳಿಯೊಡನೆ ಏಳು ಪಂದ್ಯಗಳವರೆಗೆ ಸೆಣಸಬೇಕಾಗುತ್ತದೆ. ಆಗ ಐವರಲ್ಲಿ ಯಾರ ಕಾಲು ನಿಧಾನವೋ ಅವರನ್ನು ಎದುರಾಳಿಗಳು ಬಿಡುವುದಿಲ್ಲ. ಚೆಂಡು ಹಿಡಿದ ಚುರುಕು ಆಟಗಾರನಿಗೆ ಜೊತೆಗಾರನೊಬ್ಬ ಅಡ್ಡ ನಿಂತು ದಾರಿ ಮಾಡಿಕೊಟ್ಟಾಗ, ರಕ್ಷಕರು ತಮ್ಮ ತಮ್ಮ ಎದುರಾಳಿಗಳನ್ನು ಅದಲುಬದಲು ಮಾಡಿಕೊಳ್ಳಬೇಕಾಗುತ್ತದೆ. ಹಾಗೆ ಮಾಡಿದೊಡನೆ ಭಾರಿ ದೇಹದವನು ಬುಟ್ಟಿಯಿಂದ ದೂರ, ಆಚೆಯಿಂದ ಎಸೆದರೆ ಮೂರು ಅಂಕ ಸಿಗುವ ಗೆರೆಯ ಬಳಿ, ವಿಶಾಲ ಬಯಲಿನಲ್ಲಿ ಒಬ್ಬಂಟಿಯಾಗಿ ನಿಲ್ಲುತ್ತಾನೆ. ಅವನ ಎತ್ತರಕ್ಕೆ ಅಲ್ಲಿ ಕೆಲಸ ಕಡಿಮೆ, ಅವನ ಹೆಜ್ಜೆಗೆ ಕೆಲಸ ಹೆಚ್ಚು. ಆದ್ದರಿಂದ ಒಬ್ಬ ಹುಡುಗನ ದೇಹವನ್ನು ನೋಡುವಾಗ ಕೇಳಬೇಕಾದದ್ದು, ಪ್ರಶಸ್ತಿಗಾಗಿ ನಡೆಯುವ ಪಂದ್ಯದ ಕೊನೆಯ ಐದು ನಿಮಿಷ ಇವನು ಅಂಗಳದಲ್ಲಿ ಉಳಿಯಬಲ್ಲನೇ, ಉಳಿದರೆ ಯಾವ ಕೆಲಸಕ್ಕೆ, ಎಂದು.

ಪ್ರತಿವರ್ಷ ಡ್ರಾಫ್ಟಿಗೆ ಮುನ್ನ, ಮೇ ತಿಂಗಳಲ್ಲಿ ಷಿಕಾಗೋದಲ್ಲಿ ಹೊಸ ಹುಡುಗರನ್ನು ಕರೆಸಿ ಬರಿಗಾಲಿನ ಎತ್ತರ, ತೂಕ, ಚಾಚಿದ ತೋಳುಗಳ ಹರವು, ಕೈಯೆತ್ತಿ ನಿಂತಾಗಿನ ನಿಲುಕು, ಹಸ್ತದ ಉದ್ದಗಲ, ಜಿಗಿತ, ಓಟ ಎಲ್ಲವನ್ನೂ ಅಳೆಯುತ್ತಾರೆ. ಇವುಗಳಲ್ಲಿ ಎತ್ತರಕ್ಕಿಂತ ನಿಲುಕನ್ನೇ ನಾನು ಹೆಚ್ಚು ನಂಬುತ್ತೇನೆ. ನೆತ್ತಿಯಿಂದ ಯಾರೂ ಚೆಂಡು ತಡೆಯುವುದಿಲ್ಲ. ಕತ್ತು ಗಿಡ್ಡವಾಗಿ, ಹೆಗಲು ಮೇಲಿದ್ದು, ತೋಳು ಉದ್ದವಾಗಿರುವವನು ತನಗಿಂತ ಎರಡಂಗುಲ ಎತ್ತರದವನಷ್ಟೇ ಮೇಲಕ್ಕೆ ಕೈ ಚಾಚಬಲ್ಲ. ಡ್ರೇಮಂಡ್ ಗ್ರೀನ್ 2012ರಲ್ಲಿ 35ನೆಯವರಾಗಿ ಆಯ್ಕೆಯಾದರು, ಎಂದರೆ ಮೊದಲ ಸುತ್ತಿನಲ್ಲಿ ಅವರನ್ನು ಯಾರೂ ಕೇಳಲಿಲ್ಲ. ಅವರ ಯಶಸ್ಸನ್ನು ಕಂಡು, ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎನ್ನಲು ನಾಲಗೆ ತುದಿಗೆ ಬರುತ್ತದೆ. ಆದರೆ ಅವರ ತೋಳುಗಳ ಹರವು ಏಳಡಿಗೂ ಒಂದಂಗುಲ ಹೆಚ್ಚು. ಮೂರ್ತಿ ಚಿಕ್ಕದೇನೂ ಆಗಿರಲಿಲ್ಲ, ನೋಡಿದವರು ತಪ್ಪು ಕಡೆ ನೋಡಿದ್ದರು. 2011ರಲ್ಲಿ 15ನೆಯವರಾಗಿ ಆಯ್ಕೆಯಾದ ಕವಾಯ್ ಲೆನರ್ಡ್ ಅವರ ಹರವು 7 ಅಡಿ 3 ಅಂಗುಲ, ಚಾಚಿದ ಹಸ್ತದ ಅಗಲ 11 ಅಂಗುಲಕ್ಕೂ ಮಿಗಿಲು. ಎದುರಾಳಿಯ ಅತ್ಯುತ್ತಮ ಆಟಗಾರನನ್ನು ಕಟ್ಟಿಹಾಕುವ ಪಾತ್ರಕ್ಕೆ ಇದಕ್ಕಿಂತ ಹೊಂದುವ ದೇಹವನ್ನು ಊಹಿಸುವುದು ಕಷ್ಟ. ಮೂರು ವರ್ಷಗಳ ತರುವಾಯ ಅವರು ಫೈನಲ್‌ನ ಶ್ರೇಷ್ಠ ಆಟಗಾರರೆನಿಸಿದರು.

ತೂಕ ಮತ್ತು ಬಲದ ವಿಷಯದಲ್ಲಿ ನಾನು ಇಷ್ಟು ಕಟ್ಟುನಿಟ್ಟಾಗಿರಲಾರೆ. ಮುಂದೆ ದೊಡ್ಡ ತಾರೆಯಾದ ಕೆವಿನ್ ಡುರಾಂಟ್ 2007ರ ಪರೀಕ್ಷೆಯಲ್ಲಿ 185 ಪೌಂಡಿನ, ಸುಮಾರು 84 ಕಿಲೋ ಭಾರವನ್ನು ಮಲಗಿ ಒಮ್ಮೆಯೂ ಎತ್ತಲಾಗದೆ ನಗೆಪಾಟಲಾದರು. ಹತ್ತೊಂಬತ್ತು ತುಂಬದ ಹುಡುಗನ ಎದೆಗೆ ಮುಂದೆ ಮಾಂಸ ಕೂಡುತ್ತದೆ. ಕೂಡಿಕೊಳ್ಳದ್ದು, ಒಮ್ಮೆ ಕೆಟ್ಟರೆ ಸರಿಹೋಗುವುದು ಕಷ್ಟವಾದದ್ದು, ಕಾಲು. ಅದೇ ವರ್ಷ ಪೋರ್ಟ್‌ಲ್ಯಾಂಡ್ ತಂಡ ಡುರಾಂಟ್ ಅವರನ್ನು ಬಿಟ್ಟು ಏಳಡಿಯ ಗ್ರೆಗ್ ಓಡನ್ ಅವರನ್ನು ಮೊದಲ ಆಯ್ಕೆಯಾಗಿ ಪಡೆಯಿತು. ಮೊಣಕಾಲಿನ ತೊಂದರೆಯಿಂದಾಗಿ ಓಡನ್ ತಮ್ಮ ಇಡೀ ವೃತ್ತಿಜೀವನದಲ್ಲಿ ಆಡಲಾದದ್ದು 105 ಪಂದ್ಯ. ಇದೇ ತಂಡ 1984ರಲ್ಲಿಯೂ, ಕಾಲೇಜಿನಲ್ಲಿದ್ದಾಗಲೇ ಕಾಲಿನ ಗಾಯದಿಂದ ಎರಡು ಋತು ಕಳೆದುಕೊಂಡಿದ್ದ ಸ್ಯಾಮ್ ಬೋವಿ ಅವರನ್ನು ಎರಡನೆಯ ಆಯ್ಕೆಯಾಗಿ ಕರೆದು, ಮೈಕೆಲ್ ಜೋರ್ಡನ್ ಮೂರನೆಯವರಾಗಿ ಷಿಕಾಗೋ ಪಾಲಾಗಲು ಬಿಟ್ಟಿತ್ತು.

ಬೋವಿಯ ಆಯ್ಕೆಯನ್ನು ಗಾಯದ ಕಥೆಯಾಗಿ ಮಾತ್ರ ಹೇಳುವುದು ವಾಡಿಕೆ. ನನಗೆ ಅದರ ಇನ್ನೊಂದು ಮುಖವೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಜೋರ್ಡನ್ ಆಡುವ ಸ್ಥಾನದಲ್ಲಿ ಪೋರ್ಟ್‌ಲ್ಯಾಂಡ್ ಹಿಂದಿನ ವರ್ಷವೇ ಕ್ಲೈಡ್ ಡ್ರೆಕ್ಸ್‌ಲರ್ ಅವರನ್ನು ಆರಿಸಿಕೊಂಡಿತ್ತು, ತಂಡಕ್ಕೆ ಬೇಕಿದ್ದದ್ದು ಸೆಂಟರ್. ಅಂದರೆ ಅವರೂ ಪಾತ್ರವನ್ನು ಯೋಚಿಸಿಯೇ ಆರಿಸಿದರು, ಆದರೆ ತಮ್ಮ ಮನೆಯಲ್ಲಿ ಅಂದು ಖಾಲಿಯಿದ್ದ ಕುರ್ಚಿಯನ್ನು ಪಾತ್ರವೆಂದು ತಿಳಿದರು. ಪ್ರಶಸ್ತಿ ಗೆಲ್ಲಿಸುವ ಪಾತ್ರ ಬೇರೆ, ಖಾಲಿ ಕುರ್ಚಿ ಬೇರೆ.

ಇನ್ನು, ಅಳತೆಗೂ ಪಾತ್ರಕ್ಕೂ ಸಿಕ್ಕದ ಕೆಲವರಿದ್ದಾರೆ. ಮುಂದೆ ಗೋಲ್ಡನ್ ಸ್ಟೇಟ್ ತಂಡದ ಮಹಾತಾರೆಯಾದ, ತೆಳ್ಳಗಿನ ಸ್ಟೀಫನ್ ಕರಿ 2009ರಲ್ಲಿ ಏಳನೆಯವರಾಗಿ ಆಯ್ಕೆಯಾದರು. ಅವರಿಗಿಂತ ಮೊದಲು ಮಿನ್ನೆಸೋಟ ತಂಡವೊಂದೇ ಅವರದೇ ಸ್ಥಾನದ ಇಬ್ಬರನ್ನು ಕರೆದಿತ್ತು. ಜಿಗಿತವೇ ಬಾರದಂತೆ ಕಾಣುವ ನಿಕೋಲಾ ಯೋಕಿಚ್ 2014ರಲ್ಲಿ 41ನೆಯವರು, 2023ರಲ್ಲಿ ಡೆನ್ವರ್‌ಗೆ ಪ್ರಶಸ್ತಿ ತಂದವರು. ಇಂಥವರಿಗಾಗಿ ತಂಡವೇ ಬಾಗುತ್ತದೆ, ಉಳಿದ ನಾಲ್ಕು ಪಾತ್ರಗಳು ಅವರ ಸುತ್ತ ಹುಟ್ಟುತ್ತವೆ. ಆದರೆ ಅರುವತ್ತು ಆಯ್ಕೆಗಳಲ್ಲಿ ಹೀಗಾಗುವವರು ಒಬ್ಬಿಬ್ಬರು, ಕೆಲವು ವರ್ಷ ಒಬ್ಬರೂ ಇಲ್ಲ. ಎಲ್ಲ ಹುಡುಗರಲ್ಲೂ ಕರಿಯನ್ನು ಕಾಣುವವನು ಅಲೆಕ್ಸ್ ಕರೂಸೊನನ್ನು ಕಳೆದುಕೊಳ್ಳುತ್ತಾನೆ. 2016ರಲ್ಲಿ ಕರೂಸೊ ಅವರನ್ನು ಯಾವ ತಂಡವೂ ಡ್ರಾಫ್ಟಿನಲ್ಲಿ ಕರೆಯಲಿಲ್ಲ. 2025ರ ಮೇ ತಿಂಗಳಲ್ಲಿ ಒಕ್ಲಹೋಮ ಸಿಟಿ ಮತ್ತು ಡೆನ್ವರ್ ನಡುವಿನ ಸರಣಿಯ ಏಳನೆಯ ಪಂದ್ಯದಲ್ಲಿ, ತಮಗಿಂತ ಅರ್ಧ ಅಡಿ ಎತ್ತರದ ಯೋಕಿಚ್ ಅವರಿಗೆ ಮೈಯೊಡ್ಡಿ ನಿಂತವರು ಇದೇ ಕರೂಸೊ, ಮತ್ತು ಆ ವರ್ಷದ ಪ್ರಶಸ್ತಿ ಒಕ್ಲಹೋಮ ಸಿಟಿಯದಾಯಿತು.

ಹಾಗೆಂದು 2015ರ ಪಾಠವನ್ನು ಕಲ್ಲಿನಲ್ಲಿ ಕೆತ್ತಿಡುವಂತಿಲ್ಲ. ಅದೇ ಒಕ್ಲಹೋಮ ತಂಡದಲ್ಲಿ ಏಳಡಿ ಮೀರಿದ, ಕಡ್ಡಿಯಂಥ ಚೆಟ್ ಹೋಮ್‌ಗ್ರೆನ್ ಇದ್ದರು. 2022ರಲ್ಲಿ ಎರಡನೆಯವರಾಗಿ ಆಯ್ಕೆಯಾದ ಅವರು ಪಾದದ ಗಾಯದಿಂದ ಮೊದಲ ಋತುವನ್ನೇ ಕಳೆದುಕೊಂಡಾಗ ಅನುಮಾನಪಟ್ಟವರಲ್ಲಿ ನಾನೂ ಇದ್ದೆ. ಅವರು ಗೆರೆಯಾಚೆಯಿಂದ ಚೆಂಡೆಸೆಯಬಲ್ಲರು, ಬಯಲಿನಲ್ಲಿ ಹೆಜ್ಜೆ ಹಾಕಬಲ್ಲರು. ಆ ಎತ್ತರ ಅಂಗಳದಲ್ಲಿ ಉಳಿದದ್ದು ಈ ಎರಡು ಗುಣಗಳಿಂದ.

ಸತ್ನಾಮ್ ಸಿಂಗ್ ಡಲ್ಲಾಸ್ ತಂಡದ ಕೆಳಹಂತದ ಟೆಕ್ಸಾಸ್ ಲೆಜೆಂಡ್ಸ್ ಪರವಾಗಿ ಎರಡು ಋತು ಆಡಿದರು. ಎನ್‌ಬಿಎ ಋತುವಿನ ಒಂದು ಪಂದ್ಯದಲ್ಲೂ ಅವರು ಕಣಕ್ಕಿಳಿಯಲಿಲ್ಲ. ಆಮೇಲೆ ಅವರು ಅಮೆರಿಕದ ವೃತ್ತಿಪರ ಕುಸ್ತಿಗೆ ಸೇರಿದರು; ಅಲ್ಲಿ 7 ಅಡಿ 2 ಅಂಗುಲದವನು ಏನು ಮಾಡಬೇಕೆಂಬುದು ಮೊದಲೇ ಎಲ್ಲರಿಗೂ ಗೊತ್ತಿತ್ತು.

ನಮಸ್ಕಾರ.