ಚಾವಡಿಯ ಕತ್ತಲೆಗೆ ತಾಮ್ರದ ತಗಡು

ಕೇಳುಗರಿಗೆ ನಮಸ್ಕಾರ. ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಹಳೆಮನೆಯಲ್ಲಿ ಕೂತು ಕೇಳುವವರು ಒಮ್ಮೆ ತಲೆ ಎತ್ತಿ ಚಾವಡಿಯ ಮುಚ್ಚಿಗೆ ನೋಡಿ. ಹೊಗೆ ಹಿಡಿದು ಕಪ್ಪಾದದ್ದು ಉಂಟಲ್ಲ, ನನ್ನ ಇವತ್ತಿನ ಮಾತೆಲ್ಲ ಆ ಕಪ್ಪಿನದ್ದೇ. ಮನೆಯೊಳಗಿನ ಚಿತ್ರಕ್ಕೆ ಬೆಳಕನ್ನು ಫೋಟೋ ಕೊಡುತ್ತದೆ. ಕತ್ತಲೆಯನ್ನು ತಾಮ್ರದ ತಗಡಿನಲ್ಲಿ ಕೊರೆದು, ಕಾಗದಕ್ಕೆ ಅಚ್ಚೊತ್ತಿಯೇ ತರಬೇಕು.

ಇದೇನೂ ಹೊಸ ಹುಚ್ಚಲ್ಲ. ಫೋಟೋ ತೆಗೆಯುವುದನ್ನು ಮೊದಮೊದಲು ಕಂಡುಹಿಡಿದವರಲ್ಲಿ ಒಬ್ಬರಾದ ಇಂಗ್ಲೆಂಡಿನ ಟಾಲ್ಬಟ್ 1835ರಲ್ಲಿ ತಮ್ಮ ಮನೆಯ ಕಿಟಕಿಯನ್ನು ಒಳಗಿನಿಂದ ತೆಗೆದ ನೆಗೆಟಿವ್ ಈಗಲೂ ಉಳಿದಿದೆ. ಫೋಟೋವನ್ನು ಲೋಹದಲ್ಲಿ ಕೊರೆಯುವ ವಿಧಾನಕ್ಕೆ 1852ರಲ್ಲಿ ಪೇಟೆಂಟ್ ಪಡೆದವರೂ ಅವರೇ.

ಕೆಲಸ ಸರಳ. ಬೆಳಕು ಬಿದ್ದರೆ ಗಟ್ಟಿಯಾಗುವ ಫಿಲ್ಮನ್ನು ತಾಮ್ರದ ತಗಡಿಗೆ ಅಂಟಿಸಿ, ಪಾರದರ್ಶಕ ಹಾಳೆಯಲ್ಲಿ ಮುದ್ರಿಸಿದ ಫೋಟೋ ಅದರ ಮೇಲಿಟ್ಟು ಬಿಸಿಲಿಗೆ ಹಿಡಿಯುವುದು. ಫೋಟೋದ ಕಪ್ಪಿನ ಅಡಿಯಲ್ಲಿ ಫಿಲ್ಮ್ ಮೆತ್ತಗೆ ಉಳಿದು ಬಟ್ಟೆ ಒಗೆಯುವ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದುಹೋಗುತ್ತದೆ. ಅಲ್ಲಿ ಫೆರಿಕ್ ಕ್ಲೋರೈಡ್ ತಾಮ್ರವನ್ನು ತಿನ್ನುತ್ತದೆ. ಸರ್ಕ್ಯೂಟ್ ಬೋರ್ಡ್ ಮಾಡುವವರು ಬಳಸುವ ದ್ರಾವಣವೇ. ಹಾಗೆ ತಿಂದು ಆದ ಗುಳಿಗಳಲ್ಲಿ ಶಾಯಿ ತುಂಬಿ, ಮೇಲೆ ಒರೆಸಿ, ಒದ್ದೆ ಕಾಗದವಿಟ್ಟು ಪ್ರೆಸ್ಸಿನಲ್ಲಿ ಒತ್ತಿದರೆ ಆಯಿತು. ಹೆಚ್ಚಿನವರು ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ನನಗೆ ಸಿಟ್ಟು ಬರುವುದೇ ಅದಕ್ಕೆ.

ನೀರ್ಚಾಲಿನ ಹತ್ತಿರ ಒಂದು ಮನೆ. ಮೊಮ್ಮಗ ಮೊಬೈಲಿನಲ್ಲಿ ಚಾವಡಿಯ ಫೋಟೋ ತೆಗೆದು ಅಜ್ಜಿಗೆ ತೋರಿಸಿದ. ಈಗಿನ ಮೊಬೈಲುಗಳು ಕತ್ತಲೆ ಕಂಡಲ್ಲೆಲ್ಲ ತಾವೇ ಬೆಳಕು ಮಾಡಿಬಿಡುತ್ತವೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು, “ಇದು ಯಾರ ಮನೆ ಮಾರಾಯ, ಮದುವೆಗೆ ಲೈಟು ಹಾಕಿದ್ದಾ?” ಅಂದರು. ಅದೇ ಫೋಟೋವನ್ನು ನಾನು ತಗಡಿಗೆ ಇಳಿಸಿದೆ. ಒಮ್ಮೆ ಕೊರೆದ ಮೇಲೆ ಫಿಲ್ಮ್ ಕಿತ್ತು, ರಾಳದ ನುಣ್ಣನೆ ಪುಡಿ ಉದುರಿಸಿ, ಕಾಯಿಸಿ ಅಂಟಿಸಿದೆ. ಆ ಪುಡಿಯ ಚುಕ್ಕೆಗಳಿಲ್ಲದಿದ್ದರೆ ಅಗಲ ಗುಳಿಯಲ್ಲಿ ಶಾಯಿ ನಿಲ್ಲದು, ಒರೆಸುವ ಬಟ್ಟೆಯೊಂದಿಗೇ ಬಂದುಬಿಡುತ್ತದೆ. ತಗಡಿನಲ್ಲಿ ಕಿಟಕಿ, ಕಂಬಗಳಿರುವಲ್ಲಿ ವಾರ್ನಿಶ್ ಬಳಿದು ಮುಚ್ಚಿ, ಮೂಲೆಗಳನ್ನು ಮಾತ್ರ ಮತ್ತೆ ದ್ರಾವಣಕ್ಕೆ ಬಿಟ್ಟೆ. ಅಚ್ಚು ನೋಡಿದ ಅಜ್ಜಿ ಒಂದು ಮೂಲೆಯ ಬರೀ ಕಪ್ಪಿನ ಮೇಲೆ ಬೆರಳಿಟ್ಟು, “ಭತ್ತದ ಪತ್ತಾಯ ಇಲ್ಲಿ ಉಂಟು” ಅಂದರು. ಅಲ್ಲಿ ಆ ಭತ್ತದ ಪೆಟ್ಟಿಗೆಯ ಒಂದು ಗೆರೆಯೂ ಇರಲಿಲ್ಲ! ಫೋಟೋದಿಂದ ಬಂದದ್ದಲ್ಲ ಅದು, ಕೊರೆದದ್ದರಿಂದ ಬಂದದ್ದು.

ಸಮಯ ಆಯಿತೆಂದು ಸ್ಟುಡಿಯೋದ ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳುತ್ತೇನೆ. ಅಚ್ಚಿನಲ್ಲಿ ಎಡ ಬಲ ಅದಲುಬದಲಾಗುತ್ತದೆ, ಫೋಟೋವನ್ನು ಮೊದಲೇ ತಿರುಗಿಸಿಡಿ. ಕತ್ತಲೆಯನ್ನು ಕಂಪ್ಯೂಟರಿನಲ್ಲಿ ಹೆಚ್ಚಿಸಿಕೊಂಡರೆ ಸಾಲದೇ ಎಂದು ಕೇಳಬೇಡಿ, ಸಾಲದು, ಕೊರೆಯಿರಿ. ಕೈಗವಸು ಹಾಕಿಕೊಳ್ಳಿ. ಬಳಸಿದ ದ್ರಾವಣದಲ್ಲಿ ತಾಮ್ರ ಕರಗಿರುತ್ತದೆ. ತೋಟಕ್ಕೋ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ಬದಿಗೋ ದಯವಿಟ್ಟು ಚೆಲ್ಲಬೇಡಿ. ನಮಸ್ಕಾರ.