ಗೂಡ್ಸ್ ಲೈನಿನಲ್ಲಿ ವರ್ಷಕ್ಕೊಂದು ದಿನ ನಮ್ಮನ್ನೂ ಕೂರಿಸಿ

ನಮಸ್ಕಾರ. ಇವತ್ತು ರೈಲು ಹುಚ್ಚರ ವಿಷಯ. ಪ್ರೀತಿಯಿಂದಲೇ ಹುಚ್ಚರು ಅಂತಿದ್ದೇನೆ, ನಾನೂ ಅದೇ ಗುಂಪಿನವನು.

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಬೌಲ್ಬಿ ಅಂತ ಒಂದು ಗಣಿ ಇದೆ. ಒಂದು ಕಿಲೋಮೀಟರಿಗೂ ಜಾಸ್ತಿ ಆಳ. ಸುರಂಗಗಳು ಸಮುದ್ರದ ಅಡಿಗೂ ಹೋಗುತ್ತವೆ. ಮೊದಲು ಪೊಟ್ಯಾಷ್ ತೆಗೆಯುತ್ತಿದ್ದರು, ಈಗ ಪಾಲಿಹ್ಯಾಲೈಟ್. ಎರಡೂ ಗೊಬ್ಬರಕ್ಕೇ. ಗಣಿಗೆ ಹೋಗುವ ರೈಲು ದಾರಿಯಲ್ಲಿರುವ ಲಾಫ್ಟಸ್ ಊರಿಗೆ ಪ್ಯಾಸೆಂಜರ್ ರೈಲು ನಿಂತದ್ದು 1960ರಲ್ಲಿ. ಈಗ ಓಡುವುದು ಗೂಡ್ಸ್ ಮಾತ್ರ. ಆದರೂ ಆಗೊಮ್ಮೆ ಈಗೊಮ್ಮೆ ರೈಲು ಪ್ರಿಯರು ಇಡೀ ರೈಲನ್ನೇ ಬಾಡಿಗೆಗೆ ಹಿಡಿದು ಗಣಿಯ ಕಡೆಗೆ ಹೊರಡುತ್ತಾರೆ. ಅಲ್ಲಿ ಇಳಿಯೋಕೆ ಪ್ಲಾಟ್‌ಫಾರ್ಮ್ ಇಲ್ಲ. ಸ್ವಲ್ಪ ಹೊತ್ತು ನಿಂತು, ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್. ಇದಕ್ಕೆ ಕೈಯಿಂದ ದುಡ್ಡು ಕೊಟ್ಟಿರುತ್ತಾರೆ!

ಅಲ್ಲಿ ಇದೇನು ಹೊಸ ಚಾಳಿ ಅಲ್ಲ. ಇಂಥ ಟೂರ್ ನಡೆಸುವ ಬ್ರಾಂಚ್ ಲೈನ್ ಸೊಸೈಟಿ ಅನ್ನುವ ಸಂಘ 1955ರಿಂದ ಇದೆ. ಇಂಥ ರೈಲಿಗೆ ಸಾಮಾನ್ಯವಾಗಿ ಎರಡೂ ತುದಿಯಲ್ಲಿ ಒಂದೊಂದು ಎಂಜಿನ್ ಹಾಕಿರುತ್ತಾರೆ. ಯಾಕೆ ಅಂದ್ರೆ, ಎಷ್ಟೋ ಸೈಡಿಂಗ್‌ಗಳ, ಅಂದ್ರೆ ಮುಖ್ಯ ಲೈನಿನಿಂದ ಕವಲೊಡೆದ ಹಳಿಗಳ, ಕೊನೆಯಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ಕಡೆಗೆ ತರುವುದಕ್ಕೆ ಪಕ್ಕದ ಲೂಪ್ ಹಳಿ ಇರುವುದಿಲ್ಲ. ಡ್ರೈವರ್ ಕೂಡ ಆ ದಾರಿ ಬಲ್ಲವನೇ ಆಗಬೇಕು. ಹಾಗಾಗಿ ಗೂಡ್ಸ್ ಕಂಪನಿಯ ಎಂಜಿನ್, ಗೂಡ್ಸ್ ಕಂಪನಿಯ ಡ್ರೈವರ್. ವೇಳಾಪಟ್ಟಿ ನೋಡಿದರೆ ಕೊನೆಯ ನಿಲ್ದಾಣದ ಜಾಗದಲ್ಲಿ ಕೆಲವು ಸಲ 'ಸಾಧ್ಯವಾದಷ್ಟು ದೂರ' ಅಂತಷ್ಟೇ ಬರೆದಿರುತ್ತದೆ. ನನಗೆ ತುಂಬ ಇಷ್ಟವಾದದ್ದು ಇದೇ. ಇನ್ನು ಕೆಲವರು, ರೈಲು ತುದಿ ಮುಟ್ಟುವ ಹೊತ್ತಿಗೆ ಎದ್ದು ಮುಂದಿನ ಬೋಗಿಗೆ ನಡೆಯುತ್ತಾರೆ. ಹಿಂದಿನ ಬೋಗಿಯಲ್ಲೇ ಕೂತರೆ ಕೊನೆಯ ನೂರಿನ್ನೂರು ಮೀಟರ್ ಹಳಿಯ ಮೇಲೆ ತಾವು ಹೋದ ಹಾಗೆ ಆಗಲಿಲ್ಲವಲ್ಲ! ಆಮೇಲೆ ಮ್ಯಾಪ್ ತೆಗೆದು ಆ ತುಂಡಿಗೆ ಬಣ್ಣ ಬಳಿಯುತ್ತಾರೆ.

ನಗು ಬರುತ್ತೆ, ಅಲ್ವಾ? ಬರಲಿ. ಆದರೆ ನಾನು ಇವರ ಪರ. ಜನ ಹತ್ತದ ಲೈನಿಗೆ ಹೇಳುವವರು ಕೇಳುವವರು ಇರುವುದಿಲ್ಲ. ಗಣಿ ಮುಚ್ಚಿದ ದಿನ ಹಳಿಯನ್ನೂ ಕಿತ್ತು ಗುಜರಿಗೆ ಹಾಕಿದರೆ ಯಾರೂ ಕೇಳುವುದಿಲ್ಲ.

ಡೆವನ್ ಜಿಲ್ಲೆಯ ಓಕ್‌ಹ್ಯಾಂಪ್ಟನ್ ನೋಡಿ. 1972ರಲ್ಲಿ ಪ್ಯಾಸೆಂಜರ್ ರೈಲು ನಿಂತಿತು. ಪಕ್ಕದ ಮೆಲ್ಡನ್ ಕ್ವಾರಿಯಿಂದ ಜಲ್ಲಿ ಸಾಗಿಸಬೇಕಿತ್ತು ಅನ್ನುವ ಕಾರಣಕ್ಕೆ ಹಳಿ ಉಳಿಯಿತು. 1997ರಿಂದ ಬೇಸಿಗೆಯ ಭಾನುವಾರಗಳಲ್ಲಿ ಮಾತ್ರ ರೈಲು ಬಿಟ್ಟರು, ಅದಕ್ಕೆ ಜಿಲ್ಲಾ ಕೌನ್ಸಿಲ್ ದುಡ್ಡು ಹಾಕಿತು. 2021ರ ನವೆಂಬರ್‌ನಿಂದ ದಿನಾ ರೈಲು. ನ್ಯೂಕ್ಯಾಸಲ್ ಹತ್ತಿರದ ಆಶಿಂಗ್‌ಟನ್‌ನಲ್ಲಿ 1964ರಲ್ಲಿ ನಿಂತದ್ದು 2024ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಅಲ್ಲೂ ನಡುವೆ ಹಳಿ ಉಳಿಸಿದ್ದು ಗೂಡ್ಸ್ ರೈಲೇ. ಹುಚ್ಚರ ಟೂರ್‌ನಿಂದಲೇ ಇದೆಲ್ಲ ಆಯಿತು ಅಂತ ನಾನು ಸುಮ್ನೆ ರೈಲು ಬಿಡುವುದಿಲ್ಲ. ಆದರೆ ಅಪರೂಪಕ್ಕಾದರೂ ಜನ ತುಂಬಿದ ರೈಲು ಬಂದ ಊರಿನಲ್ಲಿ 'ಇಲ್ಲಿ ಆಗಲ್ಲ' ಅನ್ನುವ ಮಾತು ಅಷ್ಟು ಸುಲಭವಾಗಿ ನಡೆಯುವುದಿಲ್ಲ.

ಈಗ ನಮ್ಮಲ್ಲಿಗೆ ಬನ್ನಿ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ 1996ರಲ್ಲಿ ಗೇಜ್ ಬದಲಾವಣೆಗೆ, ಅಂದ್ರೆ ಹಳಿಗಳ ನಡುವಿನ ಅಗಲ ಹೆಚ್ಚಿಸುವ ಕೆಲಸಕ್ಕೆ, ಮುಚ್ಚಿತು. 2006ರಲ್ಲಿ ಗೂಡ್ಸ್ ಓಡಿತು, 2007ರ ಡಿಸೆಂಬರ್‌ನಲ್ಲಿ ಪ್ಯಾಸೆಂಜರ್. ರೈಲಿಲ್ಲದ ವರ್ಷಗಳಲ್ಲಿ ನಮ್ಮ ಹುಡುಗರು ಬೆನ್ನಿಗೆ ಬ್ಯಾಗ್ ಏರಿಸಿ ಎಡಕುಮೇರಿ ಕಡೆಗೆ ಹಳಿಯ ಮೇಲೇ ನಡೆದರು. ರೈಲು ಬಂದ ಮೇಲೂ ನಡೆದರು, ಅದು ತಪ್ಪು, ಅಪಾಯ ಕೂಡ. ಈಗ ಅದೇ ಘಾಟಿಯಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗೆ ಜಾಸ್ತಿ ದುಡ್ಡು ಕೊಟ್ಟು ಕೂರುತ್ತೇವೆ. ಆಸೆ ಇಲ್ಲದಿದ್ದರೆ ಇದೆಲ್ಲ ಆಗುತ್ತಿತ್ತಾ?

ಹೊಸಪೇಟೆ–ಕೊಟ್ಟೂರು ಲೈನೂ ವರ್ಷಗಟ್ಟಲೆ ಅದಿರಿನ ರೈಲಿಗಷ್ಟೇ ಮೀಸಲಾಗಿತ್ತು. ಜನ ಕೇಳಿ ಕೇಳಿ ಸುಸ್ತಾದ ಮೇಲೆ 2019ರಲ್ಲಿ ಹರಿಹರದ ಪ್ಯಾಸೆಂಜರ್ ಬಂತು. ಅದೇ ದಾರಿಯಲ್ಲಿ ಗುಂಡಾ ರೋಡ್ ಜಂಕ್ಷನ್‌ನಿಂದ ಒಂದು ಲೈನು ಸಂಡೂರು ಗುಡ್ಡಗಳ ಕಡೆಗೆ ತಿರುಗಿ ಸ್ವಾಮಿಹಳ್ಳಿಗೆ ಹೋಗುತ್ತದೆ. ಕೆಂಪು ಮಣ್ಣು, ಅದಿರಿನ ರಾಶಿ, ಮಳೆ ಮುಗಿದಾಗ ಹಸಿರು ಗುಡ್ಡ. ನನ್ನ ಬೇಡಿಕೆ ಇಷ್ಟೇ: ಮಳೆಗಾಲ ಮುಗಿದ ಒಂದು ಭಾನುವಾರ ಅಲ್ಲಿಗೆ ಒಂದು ಟೂರ್ ರೈಲು ಬಿಡಿ.

ಕಷ್ಟ ಇದೆ, ಒಪ್ಪುತ್ತೇನೆ. ಯಾವುದೇ ಲೈನನ್ನು ಜನರ ಓಡಾಟಕ್ಕೆ ತೆರೆಯಬೇಕಾದರೆ ರೈಲ್ವೆ ಸುರಕ್ಷತಾ ಆಯುಕ್ತರು ನೋಡಿ ಒಪ್ಪಬೇಕು. ಆ ನಿಯಮ ಸಡಿಲ ಮಾಡಿ ಅಂತ ನಾನು ಕೇಳುತ್ತಿಲ್ಲ. ಅದಿರು ಸಾಗಣೆ ನಿಲ್ಲಿಸಿ ಅಂತಲೂ ಅಲ್ಲ. ಆದರೆ ಮದುವೆಗೆ, ಯಾತ್ರೆಗೆ ಬೋಗಿ ಅಥವಾ ಇಡೀ ರೈಲನ್ನೇ ಬುಕ್ ಮಾಡುವ ಏರ್ಪಾಡು ಐಆರ್‌ಸಿಟಿಸಿಯಲ್ಲಿ ಈಗಾಗಲೇ ಇದೆ. ಲೈನಿಗೆ ಒಪ್ಪಿಗೆ ಸಿಕ್ಕರೆ ಅದನ್ನೇ ನಮಗೂ ಕೊಡಿ. ಖರ್ಚು ನಾವೇ ಹಾಕಿಕೊಳ್ಳುತ್ತೇವೆ. ಎರಡು ಬೋಗಿ ಮಾತ್ರ ಸಂಡೂರು ಕಡೆಯ ಶಾಲೆ ಮಕ್ಕಳಿಗೆ ಬಿಡಬೇಕು. ದಿನಾ ಆ ಅದಿರಿನ ಧೂಳು ಕುಡಿಯುವ ಮಕ್ಕಳು ಕಿಟಕಿ ಪಕ್ಕ ಕೂರಲಿ, ನಾವು ನಿಂತುಕೊಂಡೇ ಬರುತ್ತೇವೆ.